ಶೇಕ್ಸ್‌ಪಿಯರ್‌ನ ಜಾಣಮಾತು: ಹೇಳಿದ್ದು ಯಾರು, ಯಾವಾಗ?

ಪ್ರಶ್ನೆ: ಸರ್, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಭಾಷಣ ಮಾಡಬೇಕೆಂದು ಶೇಕ್ಸ್‌ಪಿಯರ್‌ನ ಮಾತುಗಳನ್ನು ಹುಡುಕುತ್ತಿದ್ದಳು. ‘ಚುಟುಕೇ ಜಾಣತನದ ಜೀವ’, ‘ನಿನಗೆ ನೀನು ನಿಜವಾಗಿರು’, ‘ಜಗತ್ತೆಲ್ಲ ಒಂದು ರಂಗಮಂಚ’, ಹೀಗೆ ಉದ್ದದ ಪಟ್ಟಿ ಸಿಕ್ಕಿತು. ಓದಿದರೆ, ಇದರಲ್ಲಿ ಅಷ್ಟು ದೊಡ್ಡದೇನಿದೆ ಅನ್ನಿಸಿತು. ನಮ್ಮ ಗಾದೆಗಳಲ್ಲಿ, ಸರ್ವಜ್ಞನ ತ್ರಿಪದಿಗಳಲ್ಲಿ ಇಲ್ಲದ್ದು ಇಲ್ಲೇನಿದೆ? ಡಿಗ್ರಿಯಲ್ಲಿ ನಾನೂ ಅವನ ಒಂದು ಕಾಮಿಡಿ ಓದಿದ್ದೆ, ಒಂದು ಸಲವೂ ನಗು ಬರಲಿಲ್ಲ. 400 ವರ್ಷದಿಂದ ಜನ ಅವನನ್ನು ಬಿಡದೆ ಹಿಡಿದುಕೊಂಡಿರುವುದು ಯಾಕೆ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆ ತುಂಬಾ ಇಷ್ಟವಾಯಿತು. ಪಟ್ಟಿ ನೋಡಿ ಸುಮ್ನೆ ತಲೆದೂಗದೆ, ಇದರಲ್ಲಿ ಏನಿದೆ ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರುವಾಗಬೇಕು. ನಾನು ಬಹಳ ವರ್ಷ ತರಗತಿಯಲ್ಲಿ ಈ ನಾಟಕಗಳನ್ನು ಪಾಠ ಮಾಡಿದವನು, ಮಕ್ಕಳ ಕೈಲಿ ಆಡಿಸಿದವನು. ನನಗೆ ಗೊತ್ತಾದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಳಿಸಿದ ಆ ಮೂರು ಮಾತುಗಳಲ್ಲಿ ಒಂದನ್ನೂ ಶೇಕ್ಸ್‌ಪಿಯರ್ ತನ್ನ ಬಾಯಿಂದ ಹೇಳಿಲ್ಲ. ಅವನು ನಾಟಕಕಾರ. ಪ್ರತಿ ಮಾತನ್ನೂ ಯಾರೋ ಒಬ್ಬರ ಬಾಯಲ್ಲಿ, ಯಾವುದೋ ಒಂದು ಗಳಿಗೆಯಲ್ಲಿ, ಎದುರಿಗೆ ಯಾರನ್ನೋ ನಿಲ್ಲಿಸಿ ಹೇಳಿಸಿದ್ದಾನೆ. ಆ ಬಾಯಿ, ಆ ಗಳಿಗೆ, ಆ ಎದುರಿಗಿರುವವರನ್ನು ತೆಗೆದುಬಿಟ್ಟರೆ ಉಳಿಯುವುದು ಕ್ಯಾಲೆಂಡರಿನ ಮೇಲೆ ಅಚ್ಚು ಹಾಕುವ ಸಾಲು ಅಷ್ಟೇ. ಅದನ್ನು ಓದಿ ನಿಮಗೆ ದೊಡ್ಡದೇನೂ ಕಾಣಲಿಲ್ಲ ಅಂದರೆ ನೀವು ಸರಿಯಾಗಿಯೇ ಓದಿದ್ದೀರಿ.

ಸರ್ವಜ್ಞನ ವಿಷಯ ತೆಗೆದಿರಲ್ಲ, ಅದೇ ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ಸರ್ವಜ್ಞನ ತ್ರಿಪದಿಯ ಕೊನೆಗೆ ಸರ್ವಜ್ಞ ಎಂದು ಬರುತ್ತದೆ. ವಚನದ ಕೊನೆಗೆ ಅಂಕಿತ ಬರುತ್ತದೆ. ಹೇಳಿದವರು ಆ ಮಾತಿನ ಹಿಂದೆ ತಾವೇ ನಿಂತಿದ್ದಾರೆ, ಇದು ನನ್ನ ಮಾತು ಅಂತ ಒಪ್ಪಿಕೊಂಡಿದ್ದಾರೆ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಅಂಕಿತ ಇಲ್ಲ. ಅವನು ಎಲ್ಲೂ ಎದುರಿಗೆ ಬಂದು ನಿಲ್ಲುವುದಿಲ್ಲ. ಕೊಲೆಗಾರನಿಗೂ ಒಳ್ಳೆಯ ಮಾತು ಕೊಡುತ್ತಾನೆ, ಭೋಳೆ ಸ್ವಭಾವದ ಮುದುಕನಿಗೂ ಕೊಡುತ್ತಾನೆ, ಗೋರಿ ಅಗೆಯುವವನಿಗೂ ಕೊಡುತ್ತಾನೆ. ಕೊಟ್ಟು, ಈ ಮಾತು ಈ ಮನುಷ್ಯನ ಬಾಯಲ್ಲಿ ಏನಾಗುತ್ತದೆ ನೋಡಿ ಅನ್ನುತ್ತಾನೆ. ಹಾಗಾಗಿ ಇಬ್ಬರಲ್ಲಿ ಯಾರು ಹೆಚ್ಚು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕೆಲಸವೇ ಬೇರೆ.

ಮೊದಲು ‘ಚುಟುಕೇ ಜಾಣತನದ ಜೀವ’ ತೆಗೆದುಕೊಳ್ಳೋಣ. ಇದು ‘ಹ್ಯಾಮ್ಲೆಟ್’ ನಾಟಕದ ಎರಡನೇ ಅಂಕದಲ್ಲಿ ಬರುತ್ತದೆ. ಹೇಳುವವನು ಪೊಲೋನಿಯಸ್, ಡೆನ್ಮಾರ್ಕ್ ರಾಜನ ಮಂತ್ರಿ. ರಾಜಕುಮಾರ ಹ್ಯಾಮ್ಲೆಟ್‌ಗೆ ಹುಚ್ಚು ಹಿಡಿದಿದೆ ಎಂದು ಅವನ ತಾಯಿಯಾದ ರಾಣಿಗೂ ಈಗ ರಾಜನಾಗಿರುವ ಚಿಕ್ಕಪ್ಪನಿಗೂ ತಿಳಿಸಲು ಬಂದಿದ್ದಾನೆ. ತಾಯಿಯ ಜೀವ ಬಾಯಿಗೆ ಬಂದಿದೆ, ಮಗನಿಗೆ ಏನಾಗಿದೆ ಅಂತ ಒಂದು ಮಾತು ಬೇಕು ಅವಳಿಗೆ. ಈ ಮನುಷ್ಯ ಶುರು ಮಾಡುವುದು ಹೇಗೆ ಗೊತ್ತಾ? ರಾಜತನ ಅಂದರೇನು, ಕರ್ತವ್ಯ ಅಂದರೇನು, ಹಗಲು ಯಾಕೆ ಹಗಲು, ಇರುಳು ಯಾಕೆ ಇರುಳು, ಹೊತ್ತು ಯಾಕೆ ಹೊತ್ತು ಎಂದು ಚರ್ಚೆ ಮಾಡುತ್ತಾ ಕೂತರೆ ಹಗಲು, ಇರುಳು, ಹೊತ್ತು ಮೂರೂ ದಂಡವಾಗುತ್ತವೆ; ಆದ್ದರಿಂದ, ಚುಟುಕೇ ಜಾಣತನದ ಜೀವ ಆಗಿರುವುದರಿಂದ, ಉದ್ದ ಮಾತು ಬರೀ ಕೈಕಾಲು ಮತ್ತು ಮೇಲಿನ ಅಲಂಕಾರ ಆಗಿರುವುದರಿಂದ, ನಾನು ಚುಟುಕಾಗಿ ಹೇಳುತ್ತೇನೆ. ಇಷ್ಟಾದ ಮೇಲೆ, ನಿಮ್ಮ ಮಗನಿಗೆ ಹುಚ್ಚು ಅನ್ನುತ್ತಾನೆ. ಅನ್ನುತ್ತಿದ್ದಂತೆ ಹುಚ್ಚು ಅಂದರೇನು ಅನ್ನುವುದಕ್ಕೆ ಹೊರಳುತ್ತಾನೆ. ರಾಣಿಗೆ ತಡೆಯಲಾಗದೆ, ‘ವಿಷಯ ಜಾಸ್ತಿ ಇರಲಿ, ಅಲಂಕಾರ ಕಮ್ಮಿ ಇರಲಿ’ ಅನ್ನುತ್ತಾಳೆ. ಅವನು, ‘ಅಮ್ಮಾ, ನನ್ನಾಣೆ, ನಾನು ಅಲಂಕಾರವನ್ನೇ ಬಳಸುತ್ತಿಲ್ಲ’ ಎಂದು ಮತ್ತೆ ಸುತ್ತತೊಡಗುತ್ತಾನೆ.

ಈಗ ಹೇಳಿ, ನಗು ಬರುತ್ತದಲ್ವಾ? ಆ ಒಂದು ಸಾಲನ್ನು ಮಾತ್ರ ಓದಿದವರಿಗೆ ಈ ನಗು ಸಿಗುವುದೇ ಇಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಇಲ್ಲಿರುವ ಪದ ‘ವಿಟ್’. ಇಂದು ಆ ಪದಕ್ಕೆ ಚುರುಕು ಹಾಸ್ಯ ಎಂದು ಅರ್ಥ. ಶೇಕ್ಸ್‌ಪಿಯರ್‌ನ ಕಾಲದಲ್ಲಿ ಅದಕ್ಕೆ ಬುದ್ಧಿ, ಅರಿವು, ಗ್ರಹಿಕೆ ಅನ್ನುವ ಅರ್ಥವೇ ಮುಖ್ಯ. ಬುದ್ಧಿವಂತಿಕೆಯೂ ಹಾಸ್ಯವೂ ಇನ್ನೂ ಒಂದೇ ಮನೆಯಲ್ಲಿ ಇದ್ದ ಕಾಲ ಅದು. ಹಾಗಾಗಿ ಅವನ ಜಾಣತನವನ್ನೂ ಅವನ ನಗುವನ್ನೂ ಬೇರೆ ಬೇರೆ ಮಾಡಿ ನೋಡಲು ಹೋದರೆ ಎರಡೂ ಕೈಗೆ ಸಿಗುವುದಿಲ್ಲ.

‘ನಿನಗೆ ನೀನು ನಿಜವಾಗಿರು’ ಅನ್ನುವುದೂ ಇದೇ ಪೊಲೋನಿಯಸ್‌ನ ಮಾತು. ಮಗ ಲಯರ್ಟಿಸ್ ಪ್ಯಾರಿಸ್‌ಗೆ ಹೊರಟು ನಿಂತಿದ್ದಾನೆ, ಅಪ್ಪ ಬುದ್ಧಿ ಹೇಳುತ್ತಿದ್ದಾನೆ. ಸಾಲ ಕೊಡಬೇಡ, ತೆಗೆದುಕೊಳ್ಳಬೇಡ, ಎಲ್ಲರ ಮಾತಿಗೂ ಕಿವಿ ಕೊಡು, ನೀನು ಮಾತ್ರ ಕಮ್ಮಿ ಮಾತಾಡು, ಬಟ್ಟೆ ಬೆಲೆಬಾಳುವಂಥದ್ದಿರಲಿ ಆದರೆ ಡೌಲು ಬೇಡ. ಊರು ಬಿಟ್ಟು ಹೋಗುವ ಮಗನಿಗೆ ಬಸ್ಸು ಹೊರಡುವ ತನಕ ಕಿಟಕಿಯ ಹೊರಗೆ ನಿಂತು ಹೇಳುತ್ತಲೇ ಇರುವ ಅಪ್ಪಂದಿರನ್ನು ನಾವೆಲ್ಲ ನೋಡಿದ್ದೇವೆ. ಎಲ್ಲದರ ಕೊನೆಗೆ ಈ ಮಾತು: ನಿನಗೆ ನೀನು ನಿಜವಾಗಿರು, ಆಗ ಯಾರಿಗೂ ನೀನು ಸುಳ್ಳಾಗಲಾರೆ. ಚೆನ್ನಾಗಿದೆ. ಆದರೆ ಮುಂದೆ ಎರಡನೇ ಅಂಕ ತೆರೆದ ಕೂಡಲೇ ಅದೇ ಅಪ್ಪ ರೆನಾಲ್ಡೋ ಅನ್ನುವ ಆಳನ್ನು ಕರೆದು ಪ್ಯಾರಿಸ್‌ಗೆ ಕಳಿಸುತ್ತಾನೆ. ಮಗನಿಗೆ ಹಣ, ಕಾಗದ ತಲುಪಿಸು, ಆದರೆ ಅದಕ್ಕೆ ಮೊದಲು ಅವನ ಪರಿಚಯದವರ ಹತ್ತಿರ ಹೋಗು, ಅವನು ಜೂಜಾಡುತ್ತಾನಂತೆ, ಕುಡಿಯುತ್ತಾನಂತೆ ಅಂತ ನೀನೇ ಸಣ್ಣ ಸಣ್ಣ ಸುಳ್ಳು ಹೇಳು, ಆಗ ಅವರು ನಿಜ ಬಾಯಿಬಿಡುತ್ತಾರೆ, ಸುಳ್ಳಿನ ಹುಳ ಸಿಕ್ಕಿಸಿ ನಿಜದ ಮೀನು ಹಿಡಿ ಅನ್ನುತ್ತಾನೆ. ನಿಜವಾಗಿರು ಎಂದವನು ಇವನೇ!

ಹಾಗಂತ ಪೊಲೋನಿಯಸ್ ಕಪಟಿ ಎಂದು ಕೈತೊಳೆದುಕೊಂಡರೂ ತಪ್ಪಾಗುತ್ತದೆ. ಮಗನ ಮೇಲೆ ಅವನಿಗೆ ಪ್ರೀತಿ ಇದೆ, ಹೇಳಿದ ಬುದ್ಧಿಮಾತೂ ಸುಳ್ಳಲ್ಲ. ನಂಬಿಕೆ ಇಲ್ಲ, ಅಷ್ಟೇ. ಪರದೆಯ ಹಿಂದೆ ನಿಂತು ಕದ್ದು ಕೇಳುವುದು ಅವನ ಅಭ್ಯಾಸ, ಕೊನೆಗೆ ಪರದೆಯ ಹಿಂದೆ ನಿಂತಿದ್ದಾಗಲೇ ಹ್ಯಾಮ್ಲೆಟ್‌ನ ಕತ್ತಿಗೆ ಸಾಯುತ್ತಾನೆ. ಅಪ್ಪ ಸತ್ತ ಮೇಲೆ ಮಗಳು ಒಫೀಲಿಯಾಗೆ ಬುದ್ಧಿ ಕದಡಿ ಹೋಗುತ್ತದೆ. ಅಂದರೆ ಮನೆಯಲ್ಲಿ ಪ್ರೀತಿ ಇತ್ತು. ಮೊದಲ ಸಲ ಓದುವಾಗ ನಕ್ಕ ನಾನು, ನನ್ನ ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಓದಿದಾಗ ನಗಲಿಲ್ಲ. ಅದೇ ಪುಟ, ಅದೇ ಸಾಲು. 400 ವರ್ಷ ಯಾಕೆ ಅಂತ ಕೇಳಿದಿರಲ್ಲ, ಒಂದು ಉತ್ತರ ಇಲ್ಲಿದೆ. ನಾವು ಬದಲಾದಂತೆ ಆ ಮಾತು ಬೇರೆ ಕಡೆಯಿಂದ ತಾಗುತ್ತದೆ.

‘ಒಥೆಲೋ’ದಲ್ಲಿ ಇನ್ನೂ ಭಯಂಕರವಾದ ಒಂದು ಉದಾಹರಣೆ ಇದೆ. ‘ನನ್ನ ಹಣದ ಚೀಲ ಕದ್ದವನು ಕಸ ಕದ್ದ ಹಾಗೆ, ನಿನ್ನೆ ಅದು ನನ್ನದು, ಇಂದು ಅವನದು, ಸಾವಿರ ಜನರ ಕೈದಾಟಿ ಬಂದದ್ದು. ಆದರೆ ನನ್ನ ಒಳ್ಳೆಯ ಹೆಸರನ್ನು ಕದ್ದವನು ತಾನೇನೂ ಸಿರಿವಂತನಾಗದೆ ನನ್ನನ್ನು ಬಡವನಾಗಿಸುತ್ತಾನೆ.’ ಮರ್ಯಾದೆಯ ಮೇಲೆ ಇಷ್ಟು ಚೆನ್ನಾಗಿ ಹೇಳಿದ ಮಾತು ಕಮ್ಮಿ. ಹೇಳಿದವನು ಇಯಾಗೊ. ಒಥೆಲೋನ ಹೆಂಡತಿ ಡೆಸ್ಡೆಮೋನಾಳ ಹೆಸರು ಕೆಡಿಸಲು ಹೊಂಚು ಹಾಕಿ, ಅದೇ ಹೊತ್ತಿನಲ್ಲಿ, ಅದಕ್ಕಾಗಿಯೇ ಈ ಮಾತು ಹೇಳುತ್ತಿದ್ದಾನೆ. ಇದಕ್ಕೆ ಸ್ವಲ್ಪ ಮುಂಚೆ, ಕುಡಿದು ಜಗಳವಾಡಿ ಕೆಲಸ ಕಳೆದುಕೊಂಡ ಕ್ಯಾಸಿಯೊ ‘ಅಯ್ಯೋ ನನ್ನ ಹೆಸರು ಹೋಯಿತು, ನನ್ನಲ್ಲಿದ್ದ ಸಾಯದ ಭಾಗವೇ ಹೋಯಿತು’ ಎಂದು ಅಳುವಾಗ ಇದೇ ಇಯಾಗೊ, ‘ಏನೋ ಮೈಗೆ ಗಾಯ ಆಯಿತು ಅಂದುಕೊಂಡೆ, ಹೆಸರು ಅನ್ನುವುದು ಪೊಳ್ಳು, ಯೋಗ್ಯತೆ ಇಲ್ಲದೆ ಬರುತ್ತದೆ, ತಪ್ಪಿಲ್ಲದೆ ಹೋಗುತ್ತದೆ’ ಅಂದಿರುತ್ತಾನೆ. ಎರಡೂ ಮಾತು ಒಬ್ಬನದೇ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಎದುರಿಗಿರುವವನಿಗೆ ಯಾವ ನಿಜ ಹೆಚ್ಚು ನೋಯಿಸುತ್ತದೋ ಅದನ್ನು ಎತ್ತಿಕೊಳ್ಳುತ್ತಾನೆ, ಅಷ್ಟೇ. ಒಳ್ಳೆಯ ಮಾತಿನಿಂದ ಕೆಟ್ಟ ಕೆಲಸ ಮಾಡಬಹುದು ಅನ್ನುವುದು ಗೊತ್ತಿಲ್ಲದ ಹುಡುಗ ಹುಡುಗಿಯರಿಗೆ ಈ ಎರಡು ದೃಶ್ಯವನ್ನು ಅಕ್ಕಪಕ್ಕ ಇಟ್ಟು ಓದಿಸಬೇಕು ಅನ್ನುವುದು ನನ್ನ ಬಲವಾದ ನಂಬಿಕೆ.

ನಿಮ್ಮ ಮೂರನೇ ಮಾತು, ‘ಜಗತ್ತೆಲ್ಲ ಒಂದು ರಂಗಮಂಚ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ನನಗೆ ತುಂಬಾ ಪ್ರಿಯವಾದ ಜಾಗ ಇದು. ನಾಟಕ ‘ಆಸ್ ಯು ಲೈಕ್ ಇಟ್’. ಒರ್ಲ್ಯಾಂಡೊ ಅನ್ನುವ ಹುಡುಗನಿಗೆ ಅಣ್ಣನೇ ಶತ್ರು. ಮನೆಯಲ್ಲಿ ಆಡಂ ಅನ್ನುವ ಮುದುಕ ಆಳು ಇದ್ದಾನೆ, ಸುಮಾರು 80 ವರ್ಷ. ಅಣ್ಣ ಕೊಲ್ಲಿಸುತ್ತಾನೆ ಅಂತ ಗೊತ್ತಾದಾಗ ಆ ಮುದುಕ, ಹುಡುಗನ ತಂದೆಯ ಕಾಲದಿಂದ ಕೂಡಿಟ್ಟುಕೊಂಡಿದ್ದ 500 ಕ್ರೌನ್ ನಾಣ್ಯವನ್ನು ತಂದು ಮುಂದಿಡುತ್ತಾನೆ. ಕೈಲಾಗದ ಕಾಲಕ್ಕೆ, ಮೂಲೆಗೆ ಬಿದ್ದಾಗ ಬೇಕಾಗುತ್ತದೆ ಅಂತ ಉಳಿಸಿದ್ದು, ತಗೋ, ನಾನೂ ನಿನ್ನ ಜೊತೆ ಬರುತ್ತೇನೆ ಅನ್ನುತ್ತಾನೆ. ಇಬ್ಬರೂ ಆರ್ಡೆನ್ ಕಾಡಿಗೆ ಬರುತ್ತಾರೆ. ಮುದುಕ ಹಸಿವಿನಿಂದ ಕುಸಿದು ಬೀಳುತ್ತಾನೆ. ಹುಡುಗ ಅನ್ನ ಹುಡುಕಿಕೊಂಡು ಓಡುತ್ತಾನೆ, ದೇಶ ಬಿಟ್ಟು ಬಂದ ಡ್ಯೂಕ್ ತನ್ನವರೊಡನೆ ಕಾಡಲ್ಲಿ ಊಟಕ್ಕೆ ಕೂತಿರುವುದನ್ನು ಕಂಡು ಕತ್ತಿ ಹಿರಿದು ನುಗ್ಗುತ್ತಾನೆ. ಡ್ಯೂಕ್ ಮೆತ್ತಗೆ, ಕೂತು ಉಣ್ಣು ಅನ್ನುತ್ತಾನೆ. ಹುಡುಗನಿಗೆ ನಾಚಿಕೆಯಾಗುತ್ತದೆ. ನನ್ನ ಜೊತೆ ಒಬ್ಬ ಮುದುಕ ಇದ್ದಾನೆ, ಅವನು ಉಣ್ಣುವ ತನಕ ನಾನು ಒಂದು ತುತ್ತೂ ಮುಟ್ಟುವುದಿಲ್ಲ ಎಂದು ಅವನನ್ನು ಕರೆತರಲು ಹೋಗುತ್ತಾನೆ.

ಅವನು ಹೋಗಿ ಬರುವ ಆ ಸಣ್ಣ ಬಿಡುವಿನಲ್ಲಿ ಜಾಕ್ವೆಸ್ ಈ ಪ್ರಸಿದ್ಧ ಭಾಷಣ ಮಾಡುತ್ತಾನೆ. ಜಾಕ್ವೆಸ್ ಅಂದರೆ ಡ್ಯೂಕ್‌ನ ಜೊತೆಗಿರುವ, ಯಾವಾಗಲೂ ಬೇಸರದಲ್ಲಿರುವ, ಮಾತು ಬಲ್ಲ ಮನುಷ್ಯ. ಮನುಷ್ಯನ ಬಾಳಿಗೆ ಏಳು ಅಂಕ ಅನ್ನುತ್ತಾನೆ. ದಾದಿಯ ತೋಳಲ್ಲಿ ಅಳುವ ಮಗು, ಬಸವನಹುಳುವಿನ ಹಾಗೆ ಶಾಲೆಗೆ ತೆವಳುವ ಹುಡುಗ, ಪ್ರೇಮಿ, ಸೈನಿಕ, ಹೊಟ್ಟೆ ಬಂದ ನ್ಯಾಯಾಧೀಶ, ಸೊರಗಿದ ಮುದುಕ, ಕೊನೆಗೆ ಎರಡನೇ ಮಗುತನ: ಹಲ್ಲಿಲ್ಲ, ಕಣ್ಣಿಲ್ಲ, ರುಚಿಯಿಲ್ಲ, ಏನೇನೂ ಇಲ್ಲ. ಭಾಷಣ ಅಲ್ಲಿಗೆ ಮುಗಿಯುತ್ತದೆ. ಪಟ್ಟಿಗಳಲ್ಲಿ ಮೊದಲ ಸಾಲು ಮಾತ್ರ ಬರುತ್ತದೆ, ಪುಸ್ತಕದ ಆಯ್ದ ಭಾಗದಲ್ಲಿ ‘ಏನೇನೂ ಇಲ್ಲ’ ಅನ್ನುವ ತನಕ ಬರುತ್ತದೆ. ಆದರೆ ಅದರ ಮುಂದಿನ ಸಾಲು ಒಂದು ರಂಗಸೂಚನೆ. ಆಡಂನ ಜೊತೆ ಒರ್ಲ್ಯಾಂಡೊ ಒಳಗೆ ಬರುತ್ತಾನೆ.

ಕೂಡಲೇ ಡ್ಯೂಕ್, ‘ಬಾ, ನಿನ್ನ ಆ ಪೂಜ್ಯ ಹೊರೆಯನ್ನು ಕೆಳಗಿಳಿಸು, ಅವರು ಉಣ್ಣಲಿ’ ಅನ್ನುತ್ತಾನೆ. ಹೊರೆ ಅಂದನಲ್ಲ, ಅಂದರೆ ಹುಡುಗ ಮುದುಕನನ್ನು ಎತ್ತಿಕೊಂಡೇ ಬಂದಿದ್ದಾನೆ. ನೀವೇ ಕಣ್ಣ ಮುಂದೆ ತಂದುಕೊಳ್ಳಿ. ಮುಪ್ಪು ಅಂದರೆ ಏನೇನೂ ಇಲ್ಲ ಎಂದು ಒಬ್ಬ ಚೆಂದವಾಗಿ ಹೇಳಿ ಮುಗಿಸುತ್ತಿದ್ದಂತೆ 80 ವರ್ಷದ ಒಬ್ಬ ಮುದುಕ ಬರುತ್ತಾನೆ. ಕೂಡಿಟ್ಟ ಹಣ ಎಲ್ಲ ಕೊಟ್ಟವನು. ಅವನಿಗೆ ಹಲ್ಲಿಲ್ಲದಿರಬಹುದು, ಆದರೆ ಏನೇನೂ ಇಲ್ಲ ಅನ್ನಲು ಸಾಧ್ಯವಾ? ಶೇಕ್ಸ್‌ಪಿಯರ್ ಜಾಕ್ವೆಸ್‌ಗೆ ಎದುರು ವಾದ ಮಾಡಿಸುವುದಿಲ್ಲ. ಯಾರಿಂದಲೂ ‘ನಿನ್ನ ಮಾತು ತಪ್ಪು’ ಅನ್ನಿಸುವುದಿಲ್ಲ. ಬಾಗಿಲಿನಿಂದ ಒಬ್ಬ ಮನುಷ್ಯನನ್ನು ಒಳಗೆ ಕಳಿಸುತ್ತಾನೆ. ನನ್ನ ಕೇಳಿದರೆ ಅವನ ವಿವೇಕ ಅಂತ ಏನಿದೆಯೋ ಅದು ಆ ಪ್ರವೇಶದಲ್ಲಿದೆ. ಮಕ್ಕಳ ಕೈಲಿ ಈ ದೃಶ್ಯ ಆಡಿಸುವಾಗ ಭಾಷಣ ಹೇಳುವ ಹುಡುಗನಿಗಿಂತ ಆಡಂ ಆಗುವ ಹುಡುಗನ ಜೊತೆ ನಾನು ಜಾಸ್ತಿ ಹೊತ್ತು ಕಳೆಯುತ್ತಿದ್ದೆ. ಆಡಂಗೆ ಅಲ್ಲಿ ಇರುವುದು ಒಂದೇ ಮಾತು, ‘ನಿಮಗೆ ಧನ್ಯವಾದ ಹೇಳಲೂ ನನಗೆ ಶಕ್ತಿ ಇಲ್ಲ’ ಅನ್ನುವಂಥದ್ದು. ಅದಾದ ಮೇಲೆ ನಾಟಕದಲ್ಲಿ ಅವನು ಮತ್ತೆ ಮಾತಾಡುವುದಿಲ್ಲ.

ಈಗ ನಿಮ್ಮ ಇನ್ನೊಂದು ದೂರು, ನಗು ಬರಲಿಲ್ಲ ಅನ್ನುವುದು. ಇದಕ್ಕೆ ನೀವು ಸಂಕೋಚ ಪಡಬೇಕಿಲ್ಲ. ಅವನ ಹಾಸ್ಯದಲ್ಲಿ ಒಂದು ದೊಡ್ಡ ಪಾಲು ಪದಗಳ ಮೇಲಿನ ಆಟ. ಆ ಪದಗಳ ಉಚ್ಚಾರ ಬದಲಾಗಿದೆ, ಅರ್ಥ ಬದಲಾಗಿದೆ. ಅಡಿಟಿಪ್ಪಣಿ ಓದಿ ನಗು ಬಂದವರು ಯಾರೂ ಇಲ್ಲ. ಆ ಭಾಗವನ್ನು ದಾಟಿ ಹೋಗಿ, ಏನೂ ನಷ್ಟವಿಲ್ಲ. ಸನ್ನಿವೇಶದಿಂದ ಹುಟ್ಟುವ ನಗು ಮಾತ್ರ ಹಾಗೇ ಇದೆ. ‘ಮಚ್ ಅಡೋ ಅಬೌಟ್ ನಥಿಂಗ್’ನಲ್ಲಿ ಡಾಗ್‌ಬೆರಿ ಅನ್ನುವ ಊರ ಕಾವಲಿನ ಮುಖ್ಯಸ್ಥ ಇದ್ದಾನೆ. ದೊಡ್ಡ ದೊಡ್ಡ ಪದ ಬಳಸುವ ಆಸೆ, ಒಂದೂ ಸರಿಯಾಗಿ ಬರುವುದಿಲ್ಲ. ಇಬ್ಬರನ್ನು ಹಿಡಿದೆವು ಅನ್ನಲು ಹೋಗಿ ಇಬ್ಬರನ್ನು ಗ್ರಹಿಸಿದೆವು ಅನ್ನುವಂಥವನು. ಆದರೆ ಅವನ ಕಾವಲಿನವರು ನಿಜವಾಗಿ ಕಳ್ಳರನ್ನು ಹಿಡಿದಿದ್ದಾರೆ. ಹೀರೋ ಅನ್ನುವ ಹುಡುಗಿಯ ಮದುವೆ ಮುರಿಯಲು ನಡೆದ ಮೋಸ ಇವರಿಗೆ ಗೊತ್ತಾಗಿಬಿಟ್ಟಿದೆ. ಮದುವೆಯ ದಿನ ಬೆಳಗ್ಗೆ ಡಾಗ್‌ಬೆರಿ ಹುಡುಗಿಯ ತಂದೆಯ ಹತ್ತಿರ ಬರುತ್ತಾನೆ. ಮಾತು ಮುಗಿಯುವುದೇ ಇಲ್ಲ. ತಂದೆಗೆ ಆತುರ, ‘ನೀವು ಬೇಸರ ಹುಟ್ಟಿಸುತ್ತೀರಿ’ ಅನ್ನುತ್ತಾನೆ. ಡಾಗ್‌ಬೆರಿ ಅದನ್ನು ಹೊಗಳಿಕೆ ಅಂದುಕೊಂಡು, ನನ್ನಲ್ಲಿ ರಾಜನಷ್ಟು ಬೇಸರ ಇದ್ದರೂ ಅದನ್ನೆಲ್ಲ ತಮಗೇ ಕೊಟ್ಟುಬಿಡುತ್ತಿದ್ದೆ ಅನ್ನುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ತಂದೆ ಎದ್ದು ಹೋಗುತ್ತಾನೆ. ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡಿದ್ದರೆ, ಮುಂದಿನ ದೃಶ್ಯದಲ್ಲಿ ಚರ್ಚಿನಲ್ಲಿ ಎಲ್ಲರ ಎದುರು ತನ್ನ ಮಗಳ ಮಾನ ಹೋಗುವುದು ತಪ್ಪುತ್ತಿತ್ತು. ಒರಟಾಗಿ, ಕೆಟ್ಟದಾಗಿ, ಸುತ್ತಿಬಳಸಿ ಮಾತಾಡುವವರ ಹತ್ತಿರವೂ ನಮಗೆ ಬೇಕಾದ ಸತ್ಯ ಇರಬಹುದು, ನಮಗೆ ಕೇಳುವ ತಾಳ್ಮೆ ಇರುವುದಿಲ್ಲ. ಪೊಲೋನಿಯಸ್‌ನ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡಿ.

ಈ ಡಾಗ್‌ಬೆರಿ ಪಾತ್ರ ಮಾಡಿದ್ದು ವಿಲ್ ಕೆಂಪ್ ಅನ್ನುವ ನಟ. 1600ರಲ್ಲಿ ಅಚ್ಚಾದ ಪ್ರತಿಯಲ್ಲಿ ಡಾಗ್‌ಬೆರಿ ಎಂದು ಇರಬೇಕಾದ ಕಡೆ ಕೆಂಪ್ ಎಂದೇ ಉಳಿದುಬಿಟ್ಟಿದೆ, ಹಾಗಾಗಿ ನಮಗೆ ಗೊತ್ತು. ಕೆಂಪ್ ಕುಣಿತ, ಅಂಗಚೇಷ್ಟೆಗೆ ಹೆಸರಾದವನು. 1600ರಲ್ಲಿ ಲಂಡನ್ನಿನಿಂದ ನಾರ್ವಿಚ್ ತನಕ ಕುಣಿಯುತ್ತಲೇ ಹೋದವನು. ಅವನು ತಂಡ ಬಿಟ್ಟ ಮೇಲೆ ರಾಬರ್ಟ್ ಆರ್ಮಿನ್ ಬಂದ. ಆರ್ಮಿನ್ ಅಕ್ಕಸಾಲಿಗನ ಹತ್ತಿರ ಕೆಲಸ ಕಲಿತವನು, ಹಾಡುಗಾರ, ಸ್ವತಃ ಬರಹಗಾರ, ವಿದೂಷಕರ ಬಗ್ಗೆಯೇ ಪುಸ್ತಕ ಬರೆದವನು. ಅವನು ಬಂದ ಹೊತ್ತಿಗೆ ಶೇಕ್ಸ್‌ಪಿಯರ್‌ನ ವಿದೂಷಕ ಬದಲಾಗುತ್ತಾನೆ. ನಗಿಸುವವನು ಹೋಗಿ, ನಗಿಸುತ್ತಾ ನಿಜ ಹೇಳುವವನು ಬರುತ್ತಾನೆ. ನಾಟಕ ಬರೆಯುವವನು ಕೋಣೆಯಲ್ಲಿ ಒಬ್ಬನೇ ಕೂತು ವಿವೇಕ ಕಂಡುಕೊಳ್ಳಲಿಲ್ಲ, ತನ್ನ ತಂಡದಲ್ಲಿ ಯಾರಿದ್ದಾರೆ ಅಂತ ನೋಡಿ ಬರೆದ. ಯಕ್ಷಗಾನದ ಮೇಳ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸ್ಯಗಾರ ಬದಲಾದರೆ ಆ ರಾತ್ರಿಯ ಪ್ರಸಂಗವೇ ಬದಲಾಗುತ್ತದೆ.

‘ಟ್ವೆಲ್ತ್ ನೈಟ್’ನ ಫೆಸ್ಟೆ ಅಂಥ ವಿದೂಷಕ. ಒಲಿವಿಯಾ ಅನ್ನುವ ಶ್ರೀಮಂತ ಹೆಣ್ಣುಮಗಳ ಅಣ್ಣ ತೀರಿಕೊಂಡಿದ್ದಾನೆ. ಏಳು ವರ್ಷ ಮುಸುಕು ಹಾಕಿಕೊಂಡು ಯಾರಿಗೂ ಮುಖ ತೋರಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಫೆಸ್ಟೆ ಹೇಳದೆ ಕೇಳದೆ ಎಲ್ಲೋ ಹೋಗಿ ಬಂದಿದ್ದಾನೆ, ಅವಳಿಗೆ ಸಿಟ್ಟು. ‘ಈ ಪೆದ್ದನನ್ನು ಆಚೆ ಕರೆದುಕೊಂಡು ಹೋಗಿ’ ಅನ್ನುತ್ತಾಳೆ. ಅವನು ಆಳುಗಳ ಕಡೆ ತಿರುಗಿ, ‘ಕೇಳಿಸಲಿಲ್ವಾ? ಅಮ್ಮನವರನ್ನು ಆಚೆ ಕರೆದುಕೊಂಡು ಹೋಗಿ’ ಅನ್ನುತ್ತಾನೆ. ಅಪ್ಪಣೆ ಕೊಟ್ಟರೆ ನೀವೇ ಪೆದ್ದಿ ಎಂದು ಸಾಬೀತು ಮಾಡುತ್ತೇನೆ ಅನ್ನುತ್ತಾನೆ. ಸರಿ, ಮಾಡು ಅನ್ನುತ್ತಾಳೆ.

‘ಅಮ್ಮಾ, ಯಾಕೆ ಅಳುತ್ತಿದ್ದೀರಿ?’

‘ಅಣ್ಣ ಸತ್ತನಲ್ಲ, ಅದಕ್ಕೆ.’

‘ಅವರ ಆತ್ಮ ನರಕದಲ್ಲಿದೆ ಅಂತ ಕಾಣುತ್ತೆ.’

‘ನನ್ನ ಅಣ್ಣನ ಆತ್ಮ ಸ್ವರ್ಗದಲ್ಲಿದೆ, ನನಗೆ ಗೊತ್ತು.’

‘ಅಣ್ಣ ಸ್ವರ್ಗದಲ್ಲಿದ್ದಾರೆ ಅಂತ ಅಳುವವರು ಪೆದ್ದರಲ್ವಾ ಅಮ್ಮಾ? ಪೆದ್ದರನ್ನು ಆಚೆ ಕರೆದುಕೊಂಡು ಹೋಗ್ರಪ್ಪಾ.’

ನೋಡಿ, ಇಲ್ಲಿ ಅಡಿಟಿಪ್ಪಣಿಯೇ ಬೇಕಿಲ್ಲ. ಸಾವಿನ ಮನೆಯಲ್ಲಿ ಇಂಥ ಮಾತು ಆಡುವುದು ಎಷ್ಟು ಅಪಾಯ! ಒಂದು ಕೂದಲೆಳೆ ತಪ್ಪಿದರೂ ಕ್ರೂರವಾಗುತ್ತದೆ. ಆದರೆ ಅವಳು ಸಿಟ್ಟಾಗುವುದಿಲ್ಲ. ಪಕ್ಕದಲ್ಲಿದ್ದ ಮೇಲ್ವಿಚಾರಕ ಮ್ಯಾಲ್ವೋಲಿಯೊನನ್ನು, ‘ಇವನ ಬಗ್ಗೆ ಏನನ್ನಿಸುತ್ತೆ, ಸುಧಾರಿಸುತ್ತಿದ್ದಾನಲ್ವಾ?’ ಎಂದು ಕೇಳುತ್ತಾಳೆ. ಅಂದರೆ ಮುಸುಕಿನ ಒಳಗಡೆ ಏನೋ ಸಡಿಲವಾಯಿತು. ದುಃಖ ಬಿಡಿ ಎಂದು ಬೇರೆಯವರು ನೂರು ಸಲ ಹೇಳಿರಬಹುದು. ಅವಳ ನಂಬಿಕೆಯನ್ನೇ ತೆಗೆದುಕೊಂಡು ಅವಳ ಕೈಗೇ ಕೊಟ್ಟವನು ಇವನೊಬ್ಬ. ನಗು ಅವಳನ್ನು ಮತ್ತೆ ಬದುಕಿನ ಕಡೆ ಒಂದು ಹೆಜ್ಜೆ ತಿರುಗಿಸುತ್ತದೆ.

‘ಕಿಂಗ್ ಲಿಯರ್’ನ ವಿದೂಷಕನಿಗೆ ಆ ಭಾಗ್ಯ ಇಲ್ಲ. ಮುದುಕ ರಾಜ ರಾಜ್ಯವನ್ನೆಲ್ಲ ಹಿರಿಯ ಹೆಣ್ಣುಮಕ್ಕಳಿಬ್ಬರಿಗೆ ಹಂಚಿಬಿಟ್ಟಿದ್ದಾನೆ, ನಿಜವಾಗಿ ಪ್ರೀತಿಸಿದ ಕಿರಿಮಗಳನ್ನು ಹೊರಗಟ್ಟಿದ್ದಾನೆ. ವಿದೂಷಕ ಅವನನ್ನು ಮಾವ ಎಂದು ಕರೆಯುತ್ತಾನೆ. ‘ಮಾವಾ, ಒಂದು ಮೊಟ್ಟೆ ಕೊಡು, ನಿನಗೆ ಎರಡು ಕಿರೀಟ ಕೊಡುತ್ತೇನೆ.’ ಮೊಟ್ಟೆ ನಡುವೆ ಒಡೆದು ಒಳಗಿನದು ತಿಂದರೆ ಉಳಿಯುವ ಎರಡು ಚಿಪ್ಪು ಆ ಕಿರೀಟಗಳು. ನೀನೂ ನಿನ್ನ ಕಿರೀಟವನ್ನು ನಡುವೆ ಒಡೆದು ಎರಡು ಹೋಳನ್ನೂ ಕೊಟ್ಟೆಯಲ್ಲ ಅನ್ನುತ್ತಾನೆ. ಇನ್ನೊಂದು ಕಡೆ, ‘ಬಸವನಹುಳುವಿಗೆ ಮನೆ ಯಾಕಿದೆ ಗೊತ್ತಾ? ತಲೆ ಒಳಗಿಟ್ಟುಕೊಳ್ಳಲು. ಹೆಣ್ಣುಮಕ್ಕಳಿಗೆ ಕೊಟ್ಟುಬಿಡಲು ಅಲ್ಲ.’ ಆಮೇಲೆ ಆ ಮಾತು: ‘ಬುದ್ಧಿ ಬರುವ ಮೊದಲೇ ನಿನಗೆ ಮುಪ್ಪು ಬರಬಾರದಿತ್ತು.’ ಇದಕ್ಕೆ ಲಿಯರ್ ನಗುವುದಿಲ್ಲ, ಬೈಯುವುದೂ ಇಲ್ಲ. ‘ನನಗೆ ಹುಚ್ಚು ಹಿಡಿಯದಿರಲಿ ದೇವರೇ’ ಅನ್ನುತ್ತಾನೆ. ಜಾಣಮಾತು ಇಲ್ಲಿ ಸರಿಯಾಗಿಯೇ ಇದೆ, ಹೇಳಿದವನಿಗೆ ರಾಜನ ಮೇಲೆ ಪ್ರೀತಿಯೂ ಇದೆ, ಆದರೆ ಹೊತ್ತು ಮೀರಿದೆ. ಮಳೆ ಗಾಳಿಯಲ್ಲಿ ಜೊತೆಗೆ ನೆನೆಯುವುದು ಬಿಟ್ಟರೆ ವಿದೂಷಕನ ಕೈಲಿ ಏನೂ ಉಳಿದಿಲ್ಲ. ಮೂರನೇ ಅಂಕದ ನಂತರ ಅವನು ನಾಟಕದಲ್ಲಿ ಕಾಣುವುದಿಲ್ಲ. ಎಲ್ಲಿ ಹೋದ ಎಂದು ಯಾರೂ ಹೇಳುವುದಿಲ್ಲ. ಬುದ್ಧಿಮಾತಿಗೆ ಎಲ್ಲಿ ತನಕ ಶಕ್ತಿ ಇದೆ, ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದವರು ಕಮ್ಮಿ.

‘ಹೆನ್ರಿ ದಿ ಫೋರ್ತ್’ ನಾಟಕದ ಫಾಲ್‌ಸ್ಟಾಫ್‌ನನ್ನು ಬಿಟ್ಟರೆ ತಪ್ಪಾಗುತ್ತದೆ. 1403ರ ಶ್ರೂಸ್‌ಬರಿ ಯುದ್ಧದ ಮುಂಚೆ ಈ ದಪ್ಪ ಮುದುಕ ಒಬ್ಬನೇ ನಿಂತು ಕೇಳಿಕೊಳ್ಳುತ್ತಾನೆ: ವೀರ ಅನ್ನುವ ಹೆಸರು ಮುರಿದ ಕಾಲನ್ನು ಜೋಡಿಸುತ್ತದಾ? ಇಲ್ಲ. ಕೈಯನ್ನು? ಇಲ್ಲ. ಗಾಯದ ನೋವು ತೆಗೆಯುತ್ತದಾ? ಇಲ್ಲ. ಹಾಗಾದರೆ ಅದೇನು? ಒಂದು ಪದ. ಪದ ಅಂದರೆ? ಗಾಳಿ. ಯುದ್ಧದ ಬಗ್ಗೆ ಇಷ್ಟು ನೇರವಾದ ಮಾತು ಕೇಳಿದರೆ ಯಾರಿಗಾದರೂ ಹೌದು ಅನ್ನಿಸುತ್ತದೆ. ಆದರೆ ಇದೇ ಫಾಲ್‌ಸ್ಟಾಫ್ ದುಡ್ಡಿದ್ದವರಿಂದ ಲಂಚ ತೆಗೆದುಕೊಂಡು ಬಿಟ್ಟು, ಗತಿಯಿಲ್ಲದ ಬಡವರನ್ನು ಸೈನ್ಯಕ್ಕೆ ಎಳೆದು ತಂದಿದ್ದಾನೆ. ಆ 150 ಜನರಲ್ಲಿ ಮೂವರೂ ಬದುಕಿ ಉಳಿದಿಲ್ಲ ಎಂದು ಅವನೇ ಹೇಳುತ್ತಾನೆ. ಅವನ ಜಾಣತನ ಅವನ ಒಬ್ಬನ ಪ್ರಾಣ ಉಳಿಸಿತು. ಅವನ ಮೇಲೆ ನನಗೆ ಪ್ರೀತಿ ಇದೆ, ಆ 150 ಜನರ ಮಾತು ಓದಿದಾಗಲೆಲ್ಲ ನೋವಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ನಿಮ್ಮ ಮಗಳಿಗೆ ಯಾರಾದರೂ ಹಿಡಿಸುತ್ತಾರೆ ಅಂದರೆ ಅದು ಬಿಯಾಟ್ರಿಸ್. ಡಾಗ್‌ಬೆರಿ ಬರುವ ನಾಟಕದಲ್ಲೇ ಇದ್ದಾಳೆ. ಗಂಡಸು ಪ್ರೀತಿಸುತ್ತೇನೆ ಅಂತ ಆಣೆ ಇಡುವುದನ್ನು ಕೇಳುವುದಕ್ಕಿಂತ ನನ್ನ ನಾಯಿ ಕಾಗೆಗೆ ಬೊಗಳುವುದನ್ನು ಕೇಳುವುದೇ ವಾಸಿ ಅನ್ನುವವಳು. ನೀವು ಒಳ್ಳೆಯ ನಗೆಗಳಿಗೆಯಲ್ಲಿ ಹುಟ್ಟಿದವರು ಎಂದು ರಾಜಕುಮಾರ ಹೊಗಳಿದರೆ, ‘ಇಲ್ಲ ಪ್ರಭು, ನನ್ನ ಅಮ್ಮ ಅಳುತ್ತಿದ್ದಳು, ಆದರೆ ಆಗ ಒಂದು ನಕ್ಷತ್ರ ಕುಣಿಯಿತು, ಅದರ ಕೆಳಗೆ ನಾನು ಹುಟ್ಟಿದೆ’ ಅನ್ನುತ್ತಾಳೆ. ಹೆರಿಗೆಯ ನೋವನ್ನೂ ಸಂತೋಷವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಇಂಥವಳು, ತಂಗಿಯಂಥ ಹೀರೋಳ ಮಾನವನ್ನು ಮದುವೆ ಗಂಡು ಕ್ಲಾಡಿಯೊ ಹರಾಜು ಹಾಕಿದ ಮೇಲೆ, ಪ್ರೀತಿಸುವ ಬೆನೆಡಿಕ್ ‘ನಿನಗಾಗಿ ಏನು ಮಾಡಲಿ ಹೇಳು’ ಎಂದಾಗ ಎರಡೇ ಪದ ಹೇಳುತ್ತಾಳೆ: ‘ಕ್ಲಾಡಿಯೊನನ್ನು ಕೊಲ್ಲು.’ ಅಲ್ಲಿ ತನಕ ಚುಟುಕು ಮಾತಿನಲ್ಲೇ ನಗಿಸಿದ ಹುಡುಗಿಯ ಅತಿ ಚುಟುಕು ಮಾತು ಅದು. ಪೊಲೋನಿಯಸ್ ಹೇಳಿದ್ದನ್ನು ಮಾಡಿ ತೋರಿಸಿದವಳು ಇವಳು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ಎಚ್ಚರಿಕೆಯ ಒಂದು ಮಾತು. ಅಂತರ್ಜಾಲದ ಪಟ್ಟಿಗಳಲ್ಲಿ ಅವನು ಬರೆಯದೇ ಇದ್ದದ್ದೂ ತುಂಬಾ ಇದೆ. ‘ನಿರೀಕ್ಷೆಯೇ ಎಲ್ಲ ನೋವಿನ ಮೂಲ’ ಅನ್ನುವುದು ಅವನ ಯಾವ ನಾಟಕದಲ್ಲೂ ಇಲ್ಲ. ಮೋಸ ಮಾಡಲು ಹೊರಟಾಗ ಎಂಥ ಸಿಕ್ಕಿನ ಬಲೆ ನೇಯುತ್ತೇವೆ ಅನ್ನುವ ಸಾಲು ವಾಲ್ಟರ್ ಸ್ಕಾಟ್‌ನ 1808ರ ಕವನದ್ದು. ಹೆಣ್ಣಿನ ಸಿಟ್ಟನ್ನು ನರಕಕ್ಕೆ ಹೋಲಿಸುವ ಮಾತು ಕಾಂಗ್ರೀವ್‌ನ 1697ರ ನಾಟಕದ್ದು. ಹೊಳೆಯುವುದೆಲ್ಲ ಚಿನ್ನವಲ್ಲ ಅನ್ನುವುದು ಅವನ ನಾಟಕದಲ್ಲಿ ಇದೆ ನಿಜ, ಆದರೆ ಅದು ಅವನಿಗಿಂತ ಹಳೆಯ ಗಾದೆ. ಭಾಷಣಕ್ಕೆ ತೆಗೆದುಕೊಳ್ಳುವ ಮೊದಲು ಯಾವ ನಾಟಕ, ಯಾರ ಮಾತು ಎಂದು ಹುಡುಕಲು ಮಗಳಿಗೆ ಹೇಳಿ. ಅಂಕ, ದೃಶ್ಯದ ಗುರುತು ಸಿಗದ ಮಾತನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಇವೆಲ್ಲ ನಮ್ಮ ಕೈಗೆ ಬಂದದ್ದೇ ಒಂದು ಪುಣ್ಯ. ಶೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡಾಗ ಅವನ ನಾಟಕಗಳಲ್ಲಿ ಅರ್ಧದಷ್ಟು ಅಚ್ಚಾಗಿರಲಿಲ್ಲ. ಉಯಿಲಿನಲ್ಲಿ, ಉಂಗುರ ಕೊಳ್ಳಲಿ ಎಂದು ಮೂವರು ಜೊತೆ ನಟರಿಗೆ ಹಣ ಬಿಟ್ಟಿದ್ದ. ಅವರಲ್ಲಿ ಇಬ್ಬರು, ಹೆಮಿಂಗ್ಸ್ ಮತ್ತು ಕಾಂಡೆಲ್, 1623ರಲ್ಲಿ 36 ನಾಟಕಗಳನ್ನು ಒಂದು ದೊಡ್ಡ ಪುಸ್ತಕವಾಗಿ ತಂದರು. ‘ಮ್ಯಾಕ್‌ಬೆತ್’, ‘ಟ್ವೆಲ್ತ್ ನೈಟ್’, ‘ಆಸ್ ಯು ಲೈಕ್ ಇಟ್’, ‘ಟೆಂಪೆಸ್ಟ್’ ಮೊದಲ ಸಲ ಅಚ್ಚು ಕಂಡದ್ದು ಅದರಲ್ಲೇ. ಆ ಗೆಳೆಯರು ಮನಸ್ಸು ಮಾಡದಿದ್ದರೆ ಮುದುಕ ಆಡಂ ನಮಗೆ ಸಿಗುತ್ತಿರಲಿಲ್ಲ, ಫೆಸ್ಟೆಯೂ ಸಿಗುತ್ತಿರಲಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದಿರಿ. ಕನ್ನಡದಿಂದಲೇ ಶುರು ಮಾಡಬಹುದು, ಅದರಲ್ಲಿ ಕಮ್ಮಿ ಏನಿಲ್ಲ. ಬಸವಪ್ಪ ಶಾಸ್ತ್ರಿಗಳು ‘ಒಥೆಲೋ’ವನ್ನು ‘ಶೂರಸೇನ ಚರಿತೆ’ ಮಾಡಿದರು. ಕುವೆಂಪು ‘ಟೆಂಪೆಸ್ಟ್’ ಅನ್ನು ‘ಬಿರುಗಾಳಿ’ಯಾಗಿ ತಂದರು, ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ಅರಮನೆಗೆ ಒಯ್ದು ‘ರಕ್ತಾಕ್ಷಿ’ ಬರೆದರು. ಡಿವಿಜಿ ‘ಮ್ಯಾಕ್‌ಬೆತ್’ ಅನುವಾದಿಸಿದರು, ಮಾಸ್ತಿಯವರು ಲಿಯರ್‌ನನ್ನು ಕನ್ನಡಕ್ಕೆ ಕರೆತಂದರು. ನಮ್ಮ ಬಿ.ವಿ. ಕಾರಂತರು ದೆಹಲಿಯಲ್ಲಿ ‘ಮ್ಯಾಕ್‌ಬೆತ್’ ಅನ್ನು ಹಿಂದಿಯಲ್ಲಿ ಯಕ್ಷಗಾನದ ಹೆಜ್ಜೆಯಲ್ಲಿ ಆಡಿಸಿದರು, ‘ಬರ್ನಂ ವನ’ ಎಂದು ಅದರ ಹೆಸರು. ‘ರಕ್ತಾಕ್ಷಿ’ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ.

ಆದರೆ ಇಡೀ ನಾಟಕ ಹಿಡಿಯುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ‘ಟ್ವೆಲ್ತ್ ನೈಟ್’ನ ಮೊದಲ ಅಂಕದ ಐದನೇ ದೃಶ್ಯ ತೆಗೆಯಿರಿ, ಇಂಗ್ಲಿಷಾದರೂ ಸರಿ, ಅನುವಾದವಾದರೂ ಸರಿ. ಮನಸ್ಸಿನಲ್ಲಿ ಓದಬೇಡಿ. ಮಗಳು ಫೆಸ್ಟೆ ಆಗಲಿ, ನೀವು ಒಲಿವಿಯಾ ಆಗಿ, ಜೋರಾಗಿ ಓದಿ. ‘ಅಣ್ಣ ಸತ್ತನಲ್ಲ’ ಅನ್ನುವ ಜಾಗಕ್ಕೆ ಬಂದಾಗ ಸ್ವಲ್ಪ ತಡೆದು, ಅವಳು ಮುಂದಿನ ಸಾಲು ಹೇಗೆ ಹೇಳುತ್ತಾಳೆ ಕೇಳಿಸಿಕೊಳ್ಳಿ. ಮೆತ್ತಗೆ ಹೇಳುತ್ತಾಳಾ, ಕೆಣಕುವ ಹಾಗೆ ಹೇಳುತ್ತಾಳಾ? ಎರಡು ಮೂರು ಥರ ಹೇಳಿಸಿ ನೋಡಿ. ಆಮೇಲೆ ಪಾತ್ರ ಅದಲು ಬದಲು ಮಾಡಿಕೊಳ್ಳಿ.